ಅಯಾನುಗಳ ಅಳತೆಯೂ ನಮ್ಮ ಆರೋಗ್ಯವೂ

ದೆಹಲಿಯಲ್ಲಿ ನೆಲೆಸಿರುವ ಕನ್ನಡಿಗರ ಪೈಕಿ ಐವತ್ತು ದಾಟಿದವರಿಗೆ ‘ಥ್ಯಾಲಿಯಂ ಪರೀಕ್ಷೆ’ ಎಂಬ ಮಾತು ಅಪರಿಚಿತವೇನಲ್ಲ. ಒಂದು ಕಾಲಕ್ಕೆ ಓಖ್ಲಾ ಎಂದರೆ ಯಮುನೆಯ ಅಣೆ, 1874ರಲ್ಲಿ ಅಲ್ಲಿಂದ ಹೊರಟ ಆಗ್ರಾ ಕಾಲುವೆ, ಆಮೇಲೆ ಬಂದ ಕೈಗಾರಿಕಾ ವಸಾಹತು, ಇಷ್ಟೇ ನೆನಪಿಗೆ ಬರುತ್ತಿದ್ದವು. 1988ರಲ್ಲಿ ಓಖ್ಲಾ ರಸ್ತೆಯಲ್ಲಿ ಎಸ್ಕಾರ್ಟ್ಸ್ ಹೃದಯ ಸಂಸ್ಥೆ ಆರಂಭವಾದ ಮೇಲೆ ಆ ಊರಿನ ಹೆಸರು ಎದೆನೋವಿನ ಮಾತಿನೊಡನೆಯೂ ಕೂಡಿಕೊಂಡಿತು. ಹೃದ್ರೋಗ ಚಿಕಿತ್ಸಾಲಯಗಳಲ್ಲಿ ನಡೆಯುವ ಅನೇಕ ಪರೀಕ್ಷೆಗಳಲ್ಲಿ ಥ್ಯಾಲಿಯಂ ಪರೀಕ್ಷೆಯೂ ಒಂದು. ರೋಗಿಯನ್ನು ಓಡುವ ಪಟ್ಟಿಯ ಮೇಲೆ ನಡೆಸಿ, ಏದುಸಿರು ಬಂದ ಹೊತ್ತಿನಲ್ಲಿ ಅತ್ಯಲ್ಪ ಪ್ರಮಾಣದ ವಿಕಿರಣಶೀಲ ಥ್ಯಾಲಿಯಮ್ಮನ್ನು ರಕ್ತಕ್ಕೆ ಚುಚ್ಚಿ, ಹೃದಯದ ಸ್ನಾಯು ಅದನ್ನು ಎಲ್ಲಿ ಹೀರಿಕೊಂಡಿತು, ಎಲ್ಲಿ ಹೀರಿಕೊಳ್ಳಲಿಲ್ಲವೆಂಬುದನ್ನು ವಿಶೇಷ ಕ್ಯಾಮೆರಾದಿಂದ ನೋಡುವುದು ಇದರ ಕ್ರಮ. ಮೂರು ನಾಲ್ಕು ಗಂಟೆಗಳ ನಂತರ ಮತ್ತೊಮ್ಮೆ ಚಿತ್ರ ತೆಗೆಯುತ್ತಾರೆ. ಮೊದಲು ಖಾಲಿ ಕಂಡ ಭಾಗ ಆಮೇಲೆ ತುಂಬಿಕೊಂಡರೆ ಆ ಸ್ನಾಯು ರಕ್ತದ ಕೊರತೆಯಿಂದ ಬಳಲುತ್ತಿದ್ದರೂ ಜೀವಂತವಾಗಿದೆ. ಎರಡನೆಯ ಸಲವೂ ಖಾಲಿಯೇ ಉಳಿದರೆ ಅಲ್ಲಿ ಹಳೆಯ ಆಘಾತದ ಗಾಯದ ಕಲೆ ಇರುವುದು ಬಹುಮಟ್ಟಿಗೆ ಸಂಭವ. ಇತ್ತೀಚಿನ ದಶಕಗಳಲ್ಲಿ ಬಹುಪಾಲು ಕಡೆ ಟೆಕ್ನೀಷಿಯಂ ಸಂಯುಕ್ತಗಳು ಈ ಕೆಲಸಕ್ಕೆ ಬಂದಿವೆ. ಆದರೂ ಜನರ ಬಾಯಲ್ಲಿ ಪರೀಕ್ಷೆಯ ಹೆಸರು ಮಾತ್ರ ಥ್ಯಾಲಿಯಂ ಎಂದೇ ಉಳಿದಿದೆ.

ಇಲ್ಲಿ ಒಂದು ವಿಚಿತ್ರವುಂಟು. ಥ್ಯಾಲಿಯಂ ಘೋರವಾದ ವಿಷ. ಹಿಂದೆ ಇಲಿಪಾಷಾಣಗಳಲ್ಲಿ ಅದನ್ನು ಬಳಸುತ್ತಿದ್ದರು. ಮನುಷ್ಯನ ಹೊಟ್ಟೆಗೆ ಹೋದರೆ ನರಗಳು ಕೆಡುತ್ತವೆ, ತಲೆಗೂದಲು ಉದುರುತ್ತದೆ, ಪ್ರಾಣವೂ ಹೋಗಬಹುದು. ಪರೀಕ್ಷೆಯಲ್ಲಿ ಕೊಡುವ ಥ್ಯಾಲಿಯಮ್ಮಿನ ತೂಕ ಒಂದು ಮೈಕ್ರೊಗ್ರಾಮಿಗೂ ಕಡಿಮೆಯಾದ್ದರಿಂದ ವಿಷದ ಭಯವಿಲ್ಲ, ಓದುಗರು ಗಾಬರಿಗೊಳ್ಳಬೇಕಾಗಿಲ್ಲ. ಪ್ರಶ್ನೆ ಬೇರೆಯದು. ದೇಹಕ್ಕೆ ಯಾವ ಕಾಲಕ್ಕೂ ಬೇಕಿಲ್ಲದ ಈ ಲೋಹವನ್ನು ಹೃದಯದ ಜೀವಕೋಶಗಳು ಅಷ್ಟೊಂದು ಆದರದಿಂದ ಒಳಗೆ ಬಿಟ್ಟುಕೊಳ್ಳುವುದೇಕೆ? ಅದನ್ನು ಪೊಟ್ಯಾಸಿಯಂ ಎಂದು ಭ್ರಮಿಸುವುದರಿಂದ. ಭ್ರಮೆಗೆ ಕಾರಣ, ಎರಡು ಅಯಾನುಗಳ ಗಾತ್ರವೂ ಹೆಚ್ಚುಕಡಿಮೆ ಒಂದೇ ಆಗಿರುವುದು. ಈ ಗಾತ್ರದ ಮಾತು ಶಾಲೆಯ ರಸಾಯನಶಾಸ್ತ್ರದಲ್ಲಿ ಪರೀಕ್ಷೆಗಾಗಿ ಉರುಹೊಡೆದು ಮರೆತುಬಿಡುವ ಪಾಠವೆಂದೇ ಬಹಳ ಮಂದಿಯ ಭಾವನೆ. ನಮ್ಮ ಮಕ್ಕಳೂ ಹಾಗೆಯೇ ಓದುತ್ತಾರೆ. ಆದರೆ ನಾವು ತಿನ್ನುವ ಉಪ್ಪು, ಕುಡಿಯುವ ನೀರು, ಎಲುಬಿನಲ್ಲಿ ಸೇರುವ ಸೀಸ ಇವೆಲ್ಲಕ್ಕೂ ಆ ಪಾಠಕ್ಕೂ ನಿಕಟವಾದ ಸಂಬಂಧವಿದೆ.

ಮೊದಲು ಪಾಠವನ್ನೇ ಒಮ್ಮೆ ನೆನೆಯೋಣ. 1869ರಲ್ಲಿ ರಷ್ಯದ ಮೆಂಡಲೀಫ್ ರಚಿಸಿದ ಆವರ್ತ ಕೋಷ್ಟಕದಲ್ಲಿ ಮೂಲವಸ್ತುಗಳು ಅಡ್ಡಸಾಲುಗಳಲ್ಲಿಯೂ ಕಂಬಸಾಲುಗಳಲ್ಲಿಯೂ ನಿಂತಿವೆ. ಕಂಬಸಾಲಿನಲ್ಲಿ ಕೆಳಕ್ಕೆ ಇಳಿದಂತೆ ಪರಮಾಣುವಿಗೆ ಒಂದೊಂದು ಎಲೆಕ್ಟ್ರಾನ್ ಕವಚ ಹೆಚ್ಚುತ್ತ ಹೋಗುವುದರಿಂದ, ಈರುಳ್ಳಿಗೆ ಪದರ ಸೇರಿದಂತೆ, ಗಾತ್ರ ಹಿರಿದಾಗುತ್ತದೆ. ಇದು ಯಾರಿಗೂ ಸಹಜವಾಗಿಯೇ ತೋರುವ ಸಂಗತಿ. ಅಡ್ಡಸಾಲಿನಲ್ಲಿ ಎಡದಿಂದ ಬಲಕ್ಕೆ ಹೋದಂತೆ ಪರಮಾಣು ಭಾರವಾಗುತ್ತಿದ್ದರೂ ಕುಗ್ಗುತ್ತದೆಂಬುದು ಮಾತ್ರ ಮೊದಲ ಕೇಳ್ವಿಗೆ ಒಪ್ಪಿಗೆಯಾಗದು. ಅಡ್ಡಸಾಲಿನಲ್ಲಿ ಹೊಸ ಎಲೆಕ್ಟ್ರಾನುಗಳೆಲ್ಲ ಅದೇ ಹೊರಕವಚಕ್ಕೆ ಸೇರುತ್ತವೆ. ಅತ್ತ ನ್ಯೂಕ್ಲಿಯಸ್ಸಿನಲ್ಲಿ ಧನ ವಿದ್ಯುತ್ತು ಏರುತ್ತಲೇ ಇರುತ್ತದೆ. ಸೆಳೆತ ಬಲವಾದಷ್ಟೂ ಇಡೀ ಮೋಡ ಒಳಕ್ಕೆ ಜಗ್ಗುತ್ತದೆ.

ಪರಮಾಣು ಎಲೆಕ್ಟ್ರಾನನ್ನು ಕಳೆದುಕೊಂಡೋ ಪಡೆದುಕೊಂಡೋ ಅಯಾನು ಆದಾಗ ಈ ಕುಗ್ಗು ಹಿಗ್ಗುಗಳು ಇನ್ನೂ ಎದ್ದು ಕಾಣುತ್ತವೆ. ಇಂಥ ಗಾತ್ರಗಳನ್ನು ಪಿಕೋಮೀಟರಿನಲ್ಲಿ ಹೇಳುವುದು ರೂಢಿ. ಮಿಲಿಮೀಟರಿನ ನೂರು ಕೋಟಿಯಲ್ಲೊಂದು ಪಾಲು ಅದು. ಸೋಡಿಯಂ ಲೋಹದ ಪರಮಾಣುವಿನ ತ್ರಿಜ್ಯ 186. ಹೊರಗಿನ ಒಂದೇ ಎಲೆಕ್ಟ್ರಾನನ್ನು ಬಿಟ್ಟುಕೊಟ್ಟು ಅಯಾನು ಆದರೆ 102ಕ್ಕೆ ಇಳಿಯುತ್ತದೆ, ಏಕೆಂದರೆ ಹೊರಕವಚವೇ ಹೋಯಿತು. ಕ್ಲೋರಿನ್ನಿನದು ಇದರ ವಿರುದ್ಧ. ಅದರ ಪರಮಾಣು 99. ಒಂದು ಎಲೆಕ್ಟ್ರಾನನ್ನು ಪಡೆದುಕೊಂಡು ಕ್ಲೋರೈಡು ಆದರೆ ಎಲೆಕ್ಟ್ರಾನುಗಳ ಪರಸ್ಪರ ತಳ್ಳಾಟದಿಂದ 181ಕ್ಕೆ ಉಬ್ಬುತ್ತದೆ. ಅಡಿಗೆಮನೆಯ ಉಪ್ಪಿನ ಹರಳಿನಲ್ಲಿ ದೊಡ್ಡ ಪರಮಾಣು ಚಿಕ್ಕ ಅಯಾನಾಗಿ, ಚಿಕ್ಕ ಪರಮಾಣು ದೊಡ್ಡ ಅಯಾನಾಗಿ ಪಕ್ಕಪಕ್ಕದಲ್ಲಿ ಕುಳಿತಿವೆ.

ತತ್ತ್ವವನ್ನು ಪೂರ್ತಿಯಾಗಿ ತೋರಿಸುವ ಇನ್ನೊಂದು ಸಾಲುಂಟು. ಆಕ್ಸೈಡು, ಫ್ಲೋರೈಡು, ಸೋಡಿಯಂ, ಮೆಗ್ನೀಸಿಯಂ, ಅಲ್ಯೂಮಿನಿಯಂ ಈ ಐದು ಅಯಾನುಗಳಲ್ಲಿಯೂ ಎಲೆಕ್ಟ್ರಾನುಗಳ ಸಂಖ್ಯೆ ಸರಿಯಾಗಿ ಹತ್ತು. ಆದರೂ ತ್ರಿಜ್ಯಗಳು ಅನುಕ್ರಮವಾಗಿ 140, 133, 102, 72, 54. ಪ್ರೋಟಾನುಗಳು ಎಂಟರಿಂದ ಹದಿಮೂರಕ್ಕೆ ಏರಿದ ಹಾಗೆ ಅದೇ ಹತ್ತು ಎಲೆಕ್ಟ್ರಾನುಗಳು ಹೆಚ್ಚು ಹೆಚ್ಚು ಬಿಗಿಯಲ್ಪಟ್ಟಿವೆ. ಅಯಾನುಗಳ ಗಾತ್ರವನ್ನು ಹೋಲಿಸುವಾಗ ಕವಚಗಳೆಷ್ಟು, ಎಲೆಕ್ಟ್ರಾನುಗಳೆಷ್ಟು, ಸೆಳೆಯುವ ನ್ಯೂಕ್ಲಿಯಸ್ಸಿನ ಬಲವೆಷ್ಟು ಎಂದು ಈ ಕ್ರಮದಲ್ಲಿ ಕೇಳಿಕೊಂಡರೆ ಸಾಕು. ಮಕ್ಕಳಿಗೆ ಉರುಹೊಡೆಯುವ ಶ್ರಮ ತಪ್ಪುತ್ತದೆ.

ಈಗ ಹೃದಯಕ್ಕೆ ಬರೋಣ. ನಮ್ಮ ಪ್ರತಿಯೊಂದು ಜೀವಕೋಶವೂ ಸೋಡಿಯಮ್ಮನ್ನು ಹೊರಕ್ಕೂ ಪೊಟ್ಯಾಸಿಯಮ್ಮನ್ನು ಒಳಕ್ಕೂ ನಿಲ್ಲಿಸಿಕೊಂಡು ಬದುಕುತ್ತಿದೆ. ಮೂರು ಸೋಡಿಯಂ ಹೊರಗೆ ಹಾಕಿ ಎರಡು ಪೊಟ್ಯಾಸಿಯಂ ಒಳಗೆ ತರುವ ಒಂದು ಪಂಪು ಕೋಶದ ಪೊರೆಯಲ್ಲಿದೆ. ಇದನ್ನು 1957ರಲ್ಲಿ ಡೆನ್ಮಾರ್ಕಿನ ಯೆನ್ಸ್ ಸ್ಕೌ ಕಂಡುಹಿಡಿದರು. ನಲವತ್ತು ವರ್ಷಗಳ ನಂತರ, 1997ರಲ್ಲಿ, ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಎರಡು ಅಯಾನುಗಳ ವಿದ್ಯುತ್ತೂ ಒಂದೇ. ಬೇರೆಯಾಗಿರುವುದು ಗಾತ್ರ: ಸೋಡಿಯಂ 102, ಪೊಟ್ಯಾಸಿಯಂ 138. ಇಷ್ಟು ಅಂತರದ ಮೇಲೆ ಹೃದಯದ ಬಡಿತವೂ ನರಗಳ ಸಂದೇಶವೂ ನಿಂತಿವೆಯೆಂದರೆ ಆಶ್ಚರ್ಯವಲ್ಲವೇ?

ಪೊರೆಯಲ್ಲಿ ಪಂಪಲ್ಲದೆ ಪೊಟ್ಯಾಸಿಯಮ್ಮಿಗೆಂದೇ ಇರುವ ಕಿರುದಾರಿಗಳೂ ಉಂಟು. ಅವು ಪೊಟ್ಯಾಸಿಯಮ್ಮನ್ನು ಸೆಕೆಂಡಿಗೆ ಕೋಟಿಗಳ ಲೆಕ್ಕದಲ್ಲಿ ಸಾಗಿಸುತ್ತವೆ. ಅದಕ್ಕಿಂತ ಚಿಕ್ಕದಾದ ಸೋಡಿಯಮ್ಮನ್ನು ಮಾತ್ರ ತಡೆದು ನಿಲ್ಲಿಸುತ್ತವೆ. ದೊಡ್ಡದು ನುಸುಳುವ ಬಾಗಿಲಿನಲ್ಲಿ ಚಿಕ್ಕದೇಕೆ ನುಸುಳದು? ಈ ಒಗಟು ಬಹುಕಾಲ ವಿಜ್ಞಾನಿಗಳನ್ನು ಕಾಡಿತು. 1998ರಲ್ಲಿ ಅಮೆರಿಕದ ರೊಡೆರಿಕ್ ಮ್ಯಾಕಿನನ್ ಆ ದಾರಿಯ ರಚನೆಯನ್ನು ಎಕ್ಸ್-ಕಿರಣಗಳಿಂದ ಬಿಡಿಸಿ ತೋರಿಸಿದರು. 2003ರ ನೊಬೆಲ್ ಅವರಿಗೆ ಸಂದಿತು. ನೀರಿನಲ್ಲಿರುವ ಅಯಾನು ಎಂದೂ ಬರಿಮೈಯಲ್ಲಿ ಇರುವುದಿಲ್ಲ. ತನ್ನ ಸುತ್ತ ನೀರಿನ ಅಣುಗಳನ್ನು ಹೊದ್ದುಕೊಂಡಿರುತ್ತದೆ. ಚಿಕ್ಕ ಅಯಾನಿನ ವಿದ್ಯುತ್ತು ಕಿರಿದಾದ ಜಾಗದಲ್ಲಿ ಕೂಡಿಕೊಂಡಿರುವುದರಿಂದ ಅದರ ಹೊದಿಕೆ ಇನ್ನೂ ಬಿಗಿ. ಇಕ್ಕಟ್ಟಾದ ದಾರಿಯನ್ನು ಹೊಗಬೇಕಾದರೆ ಹೊದಿಕೆಯನ್ನು ಕಳಚಬೇಕು. ಕಳಚಿದ್ದಕ್ಕೆ ಸಮನಾದ ಆಸರೆ ಒಳಗೆ ಸಿಗಬೇಕು. ಆ ದಾರಿಯ ಗೋಡೆಗಳಲ್ಲಿ ಆಕ್ಸಿಜನ್ ಪರಮಾಣುಗಳು ಪೊಟ್ಯಾಸಿಯಮ್ಮಿನ ಅಳತೆಗೆ ಸರಿಯಾಗಿ ನಿಂತಿವೆ.

ನಮ್ಮ ಅಕ್ಕಸಾಲಿಗನ ಕೆಲಸವನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ. ಉಂಗುರದ ಕುಂದಣದಲ್ಲಿ ಅಳತೆಗೆ ಸರಿಯಾದ ಹರಳನ್ನು ಎಲ್ಲ ಹಿಡಿಗಳೂ ಒಟ್ಟಿಗೆ ಹಿಡಿಯುತ್ತವೆ. ಹರಳು ಚಿಕ್ಕದಾದರೆ ಒಂದು ಹಿಡಿ ತಾಕಿದರೆ ಇನ್ನೊಂದು ತಾಕದು. ಸೋಡಿಯಂ ಅಂಥ ಚಿಕ್ಕ ಹರಳು. ಒಳಗೆ ಎಲ್ಲ ಕಡೆಯ ಆಸರೆಯೂ ಸಿಗದ ಕಾರಣ ತನ್ನ ನೀರಿನ ಹೊದಿಕೆಯನ್ನು ಬಿಡಲು ಅದು ಒಲ್ಲದು, ಹೊರಗೇ ಉಳಿಯುತ್ತದೆ.

ಥ್ಯಾಲಿಯಂ ಅಯಾನಿನ ತ್ರಿಜ್ಯ 150. ಕೋಷ್ಟಕದಲ್ಲಿ ಅದು ಪೊಟ್ಯಾಸಿಯಮ್ಮಿನ ನೆರೆಯಲ್ಲಿಲ್ಲ. ಬಹುದೂರದಲ್ಲಿ, ಅಲ್ಯೂಮಿನಿಯಮ್ಮಿನ ಕಂಬಸಾಲಿನ ಕೆಳಭಾಗದಲ್ಲಿದೆ. ಆದರೆ ತನ್ನ ಕಂಬಸಾಲಿನ ರೂಢಿಯನ್ನು ಬಿಟ್ಟು ಒಂದೇ ಎಲೆಕ್ಟ್ರಾನನ್ನು ಕಳೆದುಕೊಂಡು ನಿಲ್ಲುವ ಚಾಳಿ ಅದಕ್ಕುಂಟು. ಒಂದು ವಿದ್ಯುತ್ತು, ಪೊಟ್ಯಾಸಿಯಮ್ಮಿಗೆ ಹತ್ತಿರದ ಗಾತ್ರ, ಸಡಿಲವಾದ ನೀರಿನ ಹೊದಿಕೆ: ಪಂಪು ಮೋಸಹೋಗಲು ಇಷ್ಟು ಸಾಲದೆ? ಒಳಗೆ ಬಂದ ಮೇಲೆ ಅದರ ನಡತೆ ಬೇರೆ. ಪೊಟ್ಯಾಸಿಯಂ ಯಾರ ತಂಟೆಗೂ ಹೋಗದು. ಥ್ಯಾಲಿಯಂ ಪ್ರೋಟೀನುಗಳ ಗಂಧಕವನ್ನು ಕಚ್ಚಿ ಹಿಡಿಯುತ್ತದೆ. ಈ ವಿಷಕ್ಕೆ ವೈದ್ಯರು ಕೊಡುವ ಔಷಧವಾದರೂ ಏನು? ಬಣ್ಣಗಾರರ ಪ್ರಷ್ಯನ್ ನೀಲಿ. ಆ ನೀಲಿ ಹರಳಿನ ಗೂಡುಗಳಲ್ಲಿ ಕುಳಿತ ಪೊಟ್ಯಾಸಿಯಂ ಕರುಳಿನಲ್ಲಿ ಥ್ಯಾಲಿಯಮ್ಮಿಗೆ ಜಾಗ ಬಿಟ್ಟುಕೊಡುತ್ತದೆ, ವಿಷ ಮಲದೊಡನೆ ಹೊರಬೀಳುತ್ತದೆ. ವಿಷ ಹೊಕ್ಕ ಯುಕ್ತಿಯಿಂದಲೇ ವಿಷವನ್ನು ಹಿಡಿದಂತಾಯಿತು. ಅಣುಸ್ಫೋಟದ ಧೂಳಿನಲ್ಲಿ ಬರುವ ಸೀಸಿಯಮ್ಮಿಗೂ ಇದೇ ಮದ್ದು. ಅದೂ ಪೊಟ್ಯಾಸಿಯಮ್ಮಿನ ವೇಷದಲ್ಲಿಯೇ ಮಾಂಸಖಂಡಗಳನ್ನು ಸೇರುತ್ತದೆ.

ಪೊಟ್ಯಾಸಿಯಮ್ಮಿನ ಮಾತು ಬಂದಾಗ ಮನೆಯ ಉಪ್ಪಿನ ವಿಷಯವನ್ನು ಹೇಳದಿರಲಾಗದು. ರಕ್ತದ ಒತ್ತಡವುಳ್ಳವರಿಗೆಂದು ‘ಕಡಿಮೆ ಸೋಡಿಯಂ ಉಪ್ಪು’ ಅಂಗಡಿಗಳಲ್ಲಿ ದೊರೆಯುತ್ತದೆ. ಅದರಲ್ಲಿ ಸೋಡಿಯಮ್ಮಿನ ಒಂದು ಪಾಲನ್ನು ತೆಗೆದು ಪೊಟ್ಯಾಸಿಯಂ ಕ್ಲೋರೈಡನ್ನು ಸೇರಿಸಿರುತ್ತಾರೆ. ನಾಲಿಗೆಗೆ ವ್ಯತ್ಯಾಸ ಅಲ್ಪ, ತುಸು ಕಹಿ ಎನ್ನಿಸೀತು. ಆರೋಗ್ಯವಂತ ವಯಸ್ಕರಿಗೆ ಇದು ಒಳ್ಳೆಯದೇ. 2025ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನು ಶಿಫಾರಸು ಮಾಡಿತು. ಆದರೆ ಗರ್ಭಿಣಿಯರು, ಮಕ್ಕಳು, ಮೂತ್ರಪಿಂಡ ಸೋತವರು ಇವರನ್ನು ಆ ಶಿಫಾರಸಿನಿಂದ ಹೊರಗಿಟ್ಟಿತು. ನಾಲಿಗೆ ಸೈರಿಸಿದ್ದನ್ನು ಹೃದಯ ಸೈರಿಸಬೇಕಲ್ಲ! ರಕ್ತದಲ್ಲಿ ಪೊಟ್ಯಾಸಿಯಂ ಲೀಟರಿಗೆ 3.5ರಿಂದ 5 ಮಿಲಿಮೋಲುಗಳ ಎಲ್ಲೆಯಲ್ಲಿರಬೇಕು. ಬಹಳ ಮೀರಿದರೆ ಹೃದಯದ ಲಯ ಕೆಟ್ಟು ಬಡಿತವೇ ನಿಲ್ಲಬಹುದು. ಹೆಚ್ಚಾದುದನ್ನು ಹೊರಹಾಕುವ ಹೊಣೆ ಮೂತ್ರಪಿಂಡದ್ದು. ರಾಮಿಪ್ರಿಲ್, ಟೆಲ್ಮಿಸಾರ್ಟನ್, ಸ್ಪೈರೊನೊಲ್ಯಾಕ್ಟೋನ್ ಮುಂತಾದ ಒತ್ತಡದ ಮಾತ್ರೆಗಳೂ ಪೊಟ್ಯಾಸಿಯಮ್ಮನ್ನು ದೇಹದಲ್ಲಿ ಉಳಿಸುವಂಥವು. ಇವನ್ನು ಸೇವಿಸುವವರು ವೈದ್ಯರನ್ನು ಕೇಳದೆ ಉಪ್ಪು ಬದಲಾಯಿಸುವುದು ತರವಲ್ಲ. ಊರಿನಿಂದ ಬಂದ ಪ್ರೀತಿಯ ಎಳನೀರಿಗೂ ಮೂತ್ರಪಿಂಡದ ರೋಗಿಗಳ ಮಟ್ಟಿಗೆ ಇದೇ ಎಚ್ಚರಿಕೆ ಸಲ್ಲುತ್ತದೆ. ಅದರಲ್ಲಿ ಪೊಟ್ಯಾಸಿಯಂ ಹೇರಳ.

ಪೊಟ್ಯಾಸಿಯಮ್ಮಿಗೆ ಥ್ಯಾಲಿಯಂ ಹೇಗೋ ಕ್ಯಾಲ್ಸಿಯಮ್ಮಿಗೆ ಸೀಸ ಮತ್ತು ಕ್ಯಾಡ್ಮಿಯಂ ಹಾಗೆ. ಥ್ಯಾಲಿಯಂ ವಿಷ ಅಪರೂಪ. ಇವು ಮಹಾನಗರದಲ್ಲಿ ದಿನವೂ ನಮ್ಮ ಸುತ್ತ ಇರತಕ್ಕವು. ಎರಡು ಧನ ವಿದ್ಯುತ್ತುಳ್ಳ ಕ್ಯಾಲ್ಸಿಯಂ ಅಯಾನು 100. ಕ್ಯಾಡ್ಮಿಯಂ 95, ಸೀಸ 119. ಈ ನೆರೆಹೊರೆಯ ಅಳತೆಗಳಿಂದಾಗಿ ಕರುಳಿನಲ್ಲಿ ಸುಣ್ಣವನ್ನು ಹೀರುವ ಬಾಗಿಲುಗಳಲ್ಲಿ ಇವೂ ತೂರಿಕೊಳ್ಳುತ್ತವೆ. ಸೀಸವು ಎಲುಬನ್ನು ಸೇರಿ ಸುಣ್ಣದ ಜಾಗದಲ್ಲಿ ದಶಕಗಟ್ಟಲೆ ಕುಳಿತುಬಿಡುತ್ತದೆ. ಜಪಾನಿನ ಜಿಂಜೂ ನದಿಯ ಬಯಲಿನಲ್ಲಿ ಗಣಿಯ ಕ್ಯಾಡ್ಮಿಯಂ ಗದ್ದೆಗೆ ಹರಿದು, ಅಕ್ಕಿಯ ಮೂಲಕ ದೇಹ ಸೇರಿ, ಮೂತ್ರಪಿಂಡಗಳನ್ನು ಕೆಡಿಸಿ, ಎಲುಬುಗಳನ್ನು ಮೆತ್ತಗೆ ಮಾಡಿತು. ರೋಗಿಗಳ ನರಳಾಟದಿಂದಲೇ ಆ ಕಾಯಿಲೆಗೆ ‘ಇತಾಯ್ ಇತಾಯ್’, ಅಂದರೆ ‘ನೋವು, ನೋವು’ ಎಂದು ಹೆಸರಾಯಿತು. 1968ರಲ್ಲಿ ಅಲ್ಲಿನ ಸರಕಾರ ಕಾರಣವನ್ನು ಒಪ್ಪಿಕೊಂಡಿತು.

ಓಖ್ಲಾದ ಓಣಿಗಳಲ್ಲಿ ಓಡುವ ಇ-ರಿಕ್ಷಾಗಳನ್ನು ನೋಡಿ. ಈಗೀಗ ಲಿಥಿಯಂ ಬ್ಯಾಟರಿಗಳು ಬರುತ್ತಿದ್ದರೂ ಸೀಸದ ಬ್ಯಾಟರಿಯ ಮೇಲೆ ಓಡುವ ಗಾಡಿಗಳಿಗೆ ಕಡಿಮೆಯಿಲ್ಲ. ಸತ್ತ ಬ್ಯಾಟರಿಯನ್ನು ಒಡೆದು ಸೀಸ ಕರಗಿಸುವ ಕೆಲಸ ಕ್ರಮಬದ್ಧ ಕಾರ್ಖಾನೆಯಲ್ಲಿ ನಡೆದರೆ ಸರಿ. ಹಿತ್ತಿಲ ಕುಲುಮೆಯಲ್ಲಿ ನಡೆದರೆ ಹೊಗೆಯೂ ಧೂಳೂ ಸುತ್ತಲಿನ ಮಕ್ಕಳ ಮೈಗೆ. ಹಳೆಯ ಬ್ಯಾಟರಿಯನ್ನು ಮಾರಿದವರೇ ಮರಳಿ ಪಡೆಯಬೇಕೆಂಬ ನಿಯಮ 2001ರಲ್ಲಿ ಬಂದಿತು. 2022ರ ಹೊಸ ನಿಯಮ ತಯಾರಕರ ಹೊಣೆಯನ್ನು ಇನ್ನೂ ಹೆಚ್ಚಿಸಿತು. ಹತ್ತಿರದಲ್ಲೇ 1996ರಿಂದ ನಗರದ ಕಸ ಸುರಿದ ಗುಡ್ಡವಿದೆ, 2012ರಲ್ಲಿ ಆರಂಭವಾದ ಕಸದಿಂದ ವಿದ್ಯುತ್ ತಯಾರಿಸುವ ಸ್ಥಾವರವಿದೆ. ಕಸದಲ್ಲಿ ಬ್ಯಾಟರಿಯನ್ನೂ ಬಣ್ಣ ಬಳಿದ ಸಾಮಾನನ್ನೂ ಬೆರೆಸಿದರೆ ಅದರ ಲೋಹ ಸುಟ್ಟು ನಾಶವಾಗದು. ಬೂದಿಯಲ್ಲೋ ಹೊಗೆಯಲ್ಲೋ ಇದ್ದೇ ಇರುತ್ತದೆ. ಮೂಲವಸ್ತುವನ್ನು ಬೆಂಕಿ ಏನೂ ಮಾಡಲಾರದು. ಪುಣ್ಯಕ್ಕೆ ಪೆಟ್ರೋಲಿನ ಸೀಸ ಹೋಯಿತು. 1995ರ ಏಪ್ರಿಲಿನಲ್ಲಿ ದೆಹಲಿಯೇ ಮೊದಲಾದ ನಾಲ್ಕು ಮಹಾನಗರಗಳಲ್ಲಿ ಸೀಸರಹಿತ ಪೆಟ್ರೋಲು ದೊರೆಯತೊಡಗಿ, 2000ದ ಫೆಬ್ರವರಿಯ ಹೊತ್ತಿಗೆ ದೇಶದಾದ್ಯಂತ ಸೀಸಯುಕ್ತ ಪೆಟ್ರೋಲು ನಿಂತಿತು. ಗೃಹಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದೆಂಬ ನಿಯಮ 2016ರದು. ಈ ಜಾಗೃತಿಯಲ್ಲಿ ಬೆಂಗಳೂರಿನ ಪಾಲೂ ಉಂಟು: ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶರು ಸೀಸವಿಷಕ್ಕಾಗಿಯೇ ಒಂದು ರಾಷ್ಟ್ರೀಯ ಕೇಂದ್ರವನ್ನು ಕಟ್ಟಿ ಈ ವಿಷಯವನ್ನು ದೇಶದ ಮುಂದಿಟ್ಟರು.

ಎಪ್ಪತ್ತು ಎಂಬತ್ತರ ದಶಕಗಳಲ್ಲಿ ದೆಹಲಿಯ ರಸ್ತೆಗಳಲ್ಲಿ ಸ್ಕೂಟರು ಓಡಿಸಿದವರ ಎಲುಬಿನಲ್ಲಿ ಆ ಕಾಲದ ಸೀಸ ಸ್ವಲ್ಪವಾದರೂ ಇಂದಿಗೂ ಉಳಿದಿರುವುದು ಸಂಭವವೇ. ಮುಪ್ಪಿನಲ್ಲಿ ಎಲುಬು ಸವೆದಾಗ, ಬಸುರಿನಲ್ಲಿ ತಾಯಿಯ ಸುಣ್ಣ ಮಗುವಿಗೆ ಹರಿಯುವಾಗ, ಅದೂ ರಕ್ತಕ್ಕೆ ಇಳಿಯುತ್ತದೆ. ಊಟದಲ್ಲಿ ಸುಣ್ಣವೂ ಕಬ್ಬಿಣವೂ ಕಡಿಮೆಯಾದರೆ ಕರುಳು ತನ್ನ ಬಾಗಿಲುಗಳನ್ನು ಹೆಚ್ಚಾಗಿ ತೆರೆಯುತ್ತದೆ, ಸೀಸಕ್ಕೆ ಸುಗ್ಗಿ. ಬಾಗಿಲಿನಲ್ಲಿ ನಿಜವಾದ ಸುಣ್ಣವೇ ನೂಕುನುಗ್ಗಲಾಗಿ ನಿಂತಿದ್ದರೆ ವೇಷಧಾರಿಗೆ ಅವಕಾಶ ಕಡಿಮೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ; ಗೋಧಿಯಲ್ಲಿಯೂ ಅಕ್ಕಿಯಲ್ಲಿಯೂ ಇದರ ಹತ್ತಿರಕ್ಕೂ ಬಾರದು. ದೆಹಲಿಗೆ ಬಂದು ಮುದ್ದೆಯನ್ನು ಬಿಟ್ಟವರು ಮಕ್ಕಳಿಗಾದರೂ ರಾಗಿಯ ಗಂಜಿಯನ್ನು ರೂಢಿ ಮಾಡಿಸಬಹುದು. ಹಾಗೆಂದು ಸೀಸದ ಧೂಳಿಗೆ ರಾಗಿಯೇ ಮದ್ದೆಂದು ತಿಳಿಯಬಾರದು. ಮಕ್ಕಳ ಮಟ್ಟಿಗೆ ಸೀಸದ ನಿರಪಾಯಕರ ಪ್ರಮಾಣವೆಂಬುದೇ ಇಲ್ಲ, ಧೂಳಿನಿಂದ ದೂರವಿರಿಸುವುದೇ ಮೊದಲ ಉಪಾಯ.

ಇನ್ನು ಎಂ.ಆರ್.ಐ. ಚಿತ್ರಕ್ಕಾಗಿ ಕೆಲವೊಮ್ಮೆ ಚುಚ್ಚುವ ಗ್ಯಾಡೋಲಿನಿಯಂ. ಅದರ ಅಯಾನು 94, ಮತ್ತೆ ಕ್ಯಾಲ್ಸಿಯಮ್ಮಿನ ಅಳತೆಗೆ ಹತ್ತಿರ. ಬಿಡಿಯಾಗಿ ಬಿಟ್ಟರೆ ಕ್ಯಾಲ್ಸಿಯಮ್ಮಿನ ದಾರಿಗಳಿಗೆ ಬಿರಡೆ ಹಾಕಿದಂತೆ. ಆದ್ದರಿಂದ ಅದನ್ನು ದೊಡ್ಡದೊಂದು ಸಾವಯವ ಅಣುವಿನಲ್ಲಿ ಸೆರೆಯಿಟ್ಟು ಕೊಡುತ್ತಾರೆ. ಮೂತ್ರಪಿಂಡ ತೀರ ಸೋತವರಲ್ಲಿ ಅದು ಬೇಗ ಹೊರಬೀಳದೆ, ಸೆರೆಯಿಂದ ಬಿಡಿಸಿಕೊಂಡು, ಚರ್ಮ ಗಡುಸಾಗುವ ವ್ಯಾಧಿಯನ್ನು ತರಬಹುದೆಂದು 2006ರಲ್ಲಿ ಗೊತ್ತಾಯಿತು. ಚಿತ್ರಕ್ಕೆ ಮುಂಚೆ ಕ್ರಿಯಾಟಿನಿನ್ ವರದಿ ಕೇಳುವುದು ಇದಕ್ಕಾಗಿ. ಬಿಲ್ಲು ಬೆಳೆಸುವ ಉಪಾಯವೆಂದು ಸಿಡುಕಬೇಕಾಗಿಲ್ಲ.

ಋಣ ಅಯಾನುಗಳಲ್ಲಿಯೂ ಇಂಥ ಜೋಡಿಯೊಂದುಂಟು, ಅದು ನಮ್ಮ ನಾಡಿಗೇ ಸಂಬಂಧಪಟ್ಟದ್ದು. ಹಲ್ಲು ಮತ್ತು ಎಲುಬಿನ ಖನಿಜದಲ್ಲಿ ಹೈಡ್ರಾಕ್ಸಿಲ್ ಎಂಬ ಅಯಾನು ಇದೆ, ಅಳತೆ 137. ಫ್ಲೋರೈಡು 133. ಆದುದರಿಂದ ನೀರಿನಲ್ಲಿ ಫ್ಲೋರೈಡು ಇದ್ದರೆ ಅದು ಸದ್ದಿಲ್ಲದೆ ಹೈಡ್ರಾಕ್ಸಿಲಿನ ಪೀಠವನ್ನೇರುತ್ತದೆ. 181ರ ಕ್ಲೋರೈಡಿಗೆ ಅದು ಅಷ್ಟು ಸುಲಭವಲ್ಲ. ಅಲ್ಪ ಪ್ರಮಾಣದಲ್ಲಿ ಇದರಿಂದ ಹಲ್ಲು ಗಟ್ಟಿಯಾಗುತ್ತದೆ. ಮಿತಿಮೀರಿದರೆ ಹಲ್ಲು ಕಂದುಗಟ್ಟಿ, ಬೆನ್ನೂ ಕೀಲುಗಳೂ ಸೆಟೆಯುತ್ತವೆ. ಭಾರತದಲ್ಲಿ ಈ ರೋಗವನ್ನು 1937ರಲ್ಲಿ ನೆಲ್ಲೂರಿನ ಸೀಮೆಯಲ್ಲಿ ಮೊದಲು ವರ್ಣಿಸಿದರು. ನಮ್ಮ ಪಾವಗಡ, ಬಾಗೇಪಲ್ಲಿ, ಮುಂಡರಗಿಗಳ ಕಡೆಯವರಿಗೆ ಇದರ ಗುರುತು ಬೇಡ, ತಮ್ಮ ಬಂಧುಗಳ ನಗೆಯಲ್ಲಿಯೇ ಕಂಡಿರುತ್ತಾರೆ. ದೆಹಲಿಯ ಕೆಲವು ಭಾಗಗಳ ಅಂತರ್ಜಲದಲ್ಲಿಯೂ ಫ್ಲೋರೈಡು ಮಿತಿ ಮೀರಿದೆ. ಲೀಟರಿಗೆ 1 ಮಿಲಿಗ್ರಾಂ ತನಕ ಉತ್ತಮ, ಬೇರೆ ನೀರೇ ಇಲ್ಲದಲ್ಲಿ 1.5ರ ತನಕ ಸಹ್ಯವೆಂದು ಭಾರತೀಯ ಮಾನಕ ಸಂಸ್ಥೆ ಗೊತ್ತುಪಡಿಸಿದೆ. ನಿವೃತ್ತಿಯ ನಂತರ ಊರಿಗೆ ಮರಳಿ ಮನೆ ಕಟ್ಟಿಸುವವರು ಕೊಳವೆಬಾವಿಯ ನೀರನ್ನು ಕುಡಿಯಲು ತೊಡಗುವ ಮುನ್ನ ಫ್ಲೋರೈಡಿಗಾಗಿ ಪರೀಕ್ಷೆ ಮಾಡಿಸುವುದು ಅಗತ್ಯ. ನೀರು ತಿಳಿಯಾಗಿದೆ, ಸಿಹಿಯಾಗಿದೆ ಎಂಬುದರಿಂದ ಏನೂ ತಿಳಿಯದು. ಕಾಯಿಸಿ ಕುಡಿಯುವ ಪದ್ಧತಿ ರೋಗಾಣುಗಳಿಗೆ ಸಾಕು. ಫ್ಲೋರೈಡು ಕುದಿಯಿಂದ ಹೋಗದು, ನೀರು ಆವಿಯಾಗಿ ಇಂಗಿದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ.